ಹಸಿದಾಗ ಹೊಟ್ಟೆ ಗುರ್ ಅನ್ನುವುದು ಯಾಕೆ?

ಓದುಗರ ಪ್ರಶ್ನೆ: ಎಂಟಕ್ಕೆ ತಿಂಡಿ ತಿಂದರೂ ಹನ್ನೆರಡರ ಹೊತ್ತಿಗೆ ನನ್ನ ಹೊಟ್ಟೆ ಗುರ್ ಅನ್ನುತ್ತದೆ. ಮೀಟಿಂಗಿನಲ್ಲಿ ಪಕ್ಕದವರಿಗೂ ಕೇಳಿಸುತ್ತದೆ! ಎರಡು ಬಿಸ್ಕತ್ತು ತಿಂದರೆ ನಿಲ್ಲುತ್ತದೆ. ಖಾಲಿ ಹೊಟ್ಟೆಯಲ್ಲಿ ಸದ್ದು ಮಾಡಲು ಏನಿರುತ್ತದೆ?

ಗಾಳಿ ಇರುತ್ತದೆ, ಒಂದಿಷ್ಟು ರಸ ಇರುತ್ತದೆ. ಅವೆರಡನ್ನೂ ಹಿಂಡಿ ಮುಂದಕ್ಕೆ ತಳ್ಳುವಾಗ ಬರುವ ಸದ್ದು ಅದು. ಆದರೆ ಏನೂ ಇಲ್ಲದಿರುವಾಗ ಹೊಟ್ಟೆ ಯಾಕೆ ಹಿಂಡಬೇಕು ಅಲ್ವಾ?

ಗುಡಿಸುವುದಕ್ಕೆ. ಹೊಟ್ಟೆ ಖಾಲಿಯಾದ ಮೇಲೆ ಸುಮಾರು ಒಂದೂವರೆ, ಎರಡು ಗಂಟೆಗೊಮ್ಮೆ ಬಲವಾದ ಅಲೆಯೊಂದು ಏಳುತ್ತದೆ. ಸಾಮಾನ್ಯವಾಗಿ ಜಠರದಲ್ಲಿ ಶುರುವಾಗಿ ಸಣ್ಣ ಕರುಳಿನ ಉದ್ದಕ್ಕೂ ನಿಧಾನಕ್ಕೆ ಸಾಗುತ್ತಾ, ಅರಗದೆ ಉಳಿದ ನಾರು, ಸಿಪ್ಪೆ, ಬ್ಯಾಕ್ಟೀರಿಯಾ ಎಲ್ಲವನ್ನೂ ದೊಡ್ಡ ಕರುಳಿನ ಕಡೆಗೆ ಒಯ್ಯುತ್ತದೆ.

ಜಠರದಲ್ಲಿ ಈ ಅಲೆ ಎಬ್ಬಿಸುವುದು ಮೋಟಿಲಿನ್ ಅನ್ನುವ ಪೆಪ್ಟೈಡ್. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಪುಟ್ಟ ಸರ. ಮೋಟಿಲಿನ್‌ನಲ್ಲಿ ಅಂಥ 22 ಮಣಿಗಳಿವೆ, ಅಷ್ಟೇ. 1970ರ ಸುಮಾರಿಗೆ ಕೆನಡಾದ ವ್ಯಾಂಕೂವರ್‌ನಲ್ಲಿ ಜಾನ್ ಬ್ರೌನ್ ಮತ್ತು ಜೊತೆಯವರು ಇದನ್ನು ಹಂದಿಯ ಕರುಳಿನ ಒಳಪದರದಿಂದ ಬೇರ್ಪಡಿಸಿದರು. ನನಗೆ ಬೆರಗು ಹುಟ್ಟಿಸುವುದು ಅದು ಹೋಗುವ ದಾರಿ. ಜಠರ ದಾಟಿದ ಕೂಡಲೇ ಸಿಗುವ ಕರುಳಿನ ಭಾಗದಲ್ಲಿ ಹುಟ್ಟಿ, ರಕ್ತದಲ್ಲಿ ಇಡೀ ಮೈ ಸುತ್ತಿ, ಮತ್ತೆ ಜಠರದ ಗೋಡೆಗೇ ಬರುತ್ತದೆ. ಅಲ್ಲಿನ ನರಗಳನ್ನು ತಟ್ಟುತ್ತದೆ. ನರಗಳು ಅಸಿಟೈಲ್‌ಕೋಲಿನ್ ಅನ್ನುವ ಸಂದೇಶ ಒಯ್ಯುವ ರಾಸಾಯನಿಕ ಬಿಡುತ್ತವೆ, ಸ್ನಾಯುವಿನ ಜೀವಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಸ್ನಾಯು ಬಿಗಿಯುತ್ತದೆ. ಪ್ರಮಾಣ ಜಾಸ್ತಿಯಾದರೆ ನರದ ನೆರವಿಲ್ಲದೆ ನೇರವಾಗಿ ಸ್ನಾಯುವನ್ನೇ ಹಿಡಿಯುತ್ತದೆ.

ಎರಿಥ್ರೋಮೈಸಿನ್ ಮಾತ್ರೆ ನುಂಗಿದವರಿಗೆ ಕೆಲವೊಮ್ಮೆ ಹೊಟ್ಟೆ ನುಲಿಯುವುದೂ ಇದಕ್ಕೇ. ಆ ಆಂಟಿಬಯೋಟಿಕ್ ಮೋಟಿಲಿನ್‌ನ ಜಾಗದಲ್ಲೇ ಹೋಗಿ ಕೂರುತ್ತದೆ. ಸಕ್ಕರೆ ಕಾಯಿಲೆಯಿಂದ ಜಠರ ಮಂದವಾದವರಿಗೆ ಡಾಕ್ಟರು ಕೆಲವೊಮ್ಮೆ ಇದೇ ಕಾರಣಕ್ಕೆ ಅದನ್ನು ಕೊಡುತ್ತಾರೆ.

ಇನ್ನೊಂದು ವಿಷಯ. ಸುಮ್ನೆ ಹಿಂಡಿದರೆ ಒಳಗಿರುವುದು ಎರಡೂ ಕಡೆ ಹೋಗುತ್ತದೆ. ಹಿಂದೆ ಬಿಗಿಯುವಾಗ ಮುಂದೆ ಸಡಿಲವಾಗಲೇಬೇಕು. ಸಡಿಲಿಸುವ ಸಂದೇಶ ಕೊಡುವವರಲ್ಲಿ ವಿಐಪಿ ಅನ್ನುವ 28 ಮಣಿಯ ಪೆಪ್ಟೈಡ್ ಒಂದು, ನೈಟ್ರಿಕ್ ಆಕ್ಸೈಡ್ ಇನ್ನೊಂದು. ಅನ್ನನಾಳದ ಕೆಳತುದಿಯಲ್ಲಿ ಇವನ್ನು ಬಿಡುವ ನರಗಳು ಸತ್ತರೆ ಅಕಲೇಶಿಯಾ ಅನ್ನುವ ಕಾಯಿಲೆ ಬರುತ್ತದೆ, ನುಂಗಿದ ತುತ್ತು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನು ನಿಮ್ಮ ಬಿಸ್ಕತ್ತು. ಆಹಾರ ಒಳಗೆ ಹೋದೊಡನೆ ಗುಡಿಸುವ ಅಲೆ ನಿಂತು ಅರೆಯುವ ಕೆಲಸ ಶುರುವಾಗುತ್ತದೆ. ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದರೆ ಹಗಲಿಡೀ ಆ ಅಲೆಗೆ ಬಿಡುವೇ ಸಿಗುವುದಿಲ್ಲ, ರಾತ್ರಿ ನೀವು ಮಲಗಿದ ಮೇಲೆ ಗುಡಿಸಬೇಕಾಗುತ್ತದೆ.