ಮಿದುಳಿನಾಳದ ಹದ್ದುಬಸ್ತು

ಕೊಡಗಿನ ಉಪಗ್ರಹ ಚಿತ್ರ ನೋಡಿ ಗದ್ದೆ ಎಲ್ಲಿದೆ ಎಂದು ಯಾರು ಬೇಕಾದರೂ ಹೇಳಬಹುದು. ಕಾಫಿ ತೋಟ ಎಲ್ಲಿ ಮುಗಿದು ದೇವರಕಾಡು ಎಲ್ಲಿ ಶುರುವಾಯಿತು ಎಂದು ಕೇಳಿದರೆ ಪಳಗಿದ ಕಣ್ಣೂ ತಡವರಿಸುತ್ತದೆ. ಮೇಲಿನಿಂದ ಕಾಣುವುದು ಮರಗಳ ನೆತ್ತಿ ಮಾತ್ರ. ಅದರ ನೆರಳಲ್ಲಿ ಕಾಫಿ ಗಿಡವಿದೆಯೋ ಕುರುಚಲಿದೆಯೋ ಚಿತ್ರಕ್ಕೆ ತಿಳಿಯದು. ಗಡಿ ಇರುವುದು ನೆಲದ ಮೇಲೆ, ಕದಂಗವೆಂಬ ಕಂದಕವಾಗಿ, ಬೇಲಿಯಾಗಿ, ಸರ್ವೆ ಕಲ್ಲಾಗಿ. ಚಿತ್ರದಲ್ಲಿ ಅದಿಲ್ಲ. ಎಂಆರ್‌ಐ ಚಿತ್ರದಲ್ಲಿ ಮಿದುಳಿನ ಆಳದ ಭಾಗಗಳಿಗೆ ಗಡಿ ಹಾಕಲು ಕೂತವರ ಪಾಡೂ ಇದೇ.

ಈ ಕೆಲಸಕ್ಕೆ ಸೆಗ್ಮೆಂಟೇಶನ್ ಎನ್ನುತ್ತಾರೆ. ಎಂಆರ್‌ಐ ಚಿತ್ರವೆಂದರೆ ವಾಕ್ಸೆಲ್ ಎಂಬ ಪುಟ್ಟ ಇಟ್ಟಿಗೆಗಳ ರಾಶಿ. ಪ್ರತಿ ಇಟ್ಟಿಗೆಗೂ ಇದು ಥಾಲಮಸ್, ಇದು ಪ್ಯುಟಾಮೆನ್, ಇದು ಬರೀ ನರತಂತು ಎಂದು ಹೆಸರು ಹಚ್ಚಬೇಕು. ಮಿದುಳಿನ ಹೊರಮೈ ಗದ್ದೆಯಿದ್ದಂತೆ: ನರಕೋಶಗಳಿರುವ ಬೂದು ಭಾಗ ಮುಗಿದು ದ್ರವ ಶುರುವಾಗುವಲ್ಲಿ ಚಿತ್ರದ ಛಾಯೆ ಥಟ್ಟನೆ ಬದಲಾಗುತ್ತದೆ. ಒಳಗೆ ಹೋದಂತೆ ಆ ಸುಖವಿಲ್ಲ. ಥಾಲಮಸ್‌ನ ಹೊರಬದಿಯಲ್ಲಿ ನರತಂತುಗಳು ನುಗ್ಗಿ ಹೋಗುವುದರಿಂದ ಆ ಅಂಚು ನರತಂತುಗಳದೇ ಆದ ಪಕ್ಕದ ಬಿಳಿ ಭಾಗದಲ್ಲಿ ಕರಗಿಹೋಗುತ್ತದೆ. ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗದಲ್ಲಿ ಕಬ್ಬಿಣದ ಅಂಶವೂ ನರತಂತುಗಳ ಹೊದಿಕೆಯಾದ ಮಯಲಿನ್ ಕೂಡ ಹೆಚ್ಚು. ಬೂದು ಭಾಗವಾದರೂ ಅದು ಬಿಳಿಯಂತೆಯೇ ಕಾಣುತ್ತದೆ. ಅಕಂಬೆನ್ಸ್ ಎಂಬ ಭಾಗಕ್ಕಂತೂ ಅಕ್ಕಪಕ್ಕದವರೊಂದಿಗೆ ಕಣ್ಣಿಗೆ ಕಾಣುವ ಗಡಿಯೇ ಇಲ್ಲ. ಅಂಗರಚನೆ ಬಲ್ಲವರು ಒಪ್ಪಿಕೊಂಡು ಎಳೆದ ಗೆರೆಯೇ ಅಲ್ಲಿ ಗಡಿ.

ಇದರ ಬಿಸಿ ಹೆಚ್ಚು ತಟ್ಟುವುದು ಪಾರ್ಕಿನ್‌ಸನ್ಸ್ ಕಾಯಿಲೆಯ ಶಸ್ತ್ರಚಿಕಿತ್ಸೆಯಲ್ಲಿ. ನಡುಕ, ಬಿಗಿತ ಮಾತ್ರೆಗೆ ಸರಿಯಾಗಿ ಹತೋಟಿಗೆ ಬಾರದಿದ್ದಾಗ ಮಿದುಳಿನಾಳಕ್ಕೆ ವಿದ್ಯುತ್ ತಂತಿ ಇಳಿಸುತ್ತಾರೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿಡ್ ತಂಡ 1987ರಲ್ಲಿ ಥಾಲಮಸ್‌ನಲ್ಲಿ ಇದನ್ನು ಮಾಡಿತು. ಈಗ ಹೆಚ್ಚಾಗಿ ಗುರಿಯಿಡುವುದು ಅದರ ಕೆಳಗಿರುವ ಸಬ್‌ಥಾಲಮಿಕ್ ನ್ಯೂಕ್ಲಿಯಸ್‌ಗೆ. ಅದರ ಗಾತ್ರ ಹೆಚ್ಚುಕಡಿಮೆ ಒಂದು ಕಾಫಿ ಬೀಜದಷ್ಟು, ಸುಮಾರು 150 ಘನ ಮಿಲಿಮೀಟರ್. ಎರಡೂ ಕಡೆ ಉಬ್ಬಿದ ಮಸೂರದ ಆಕಾರ, ಓರೆಯಾಗಿ ಕೂತಿದೆ. ಬಳಕೆಯಲ್ಲಿರುವ ಒಂದು ಬಗೆಯ ತಂತಿಯ ದಪ್ಪವೇ 1.27 ಮಿಲಿಮೀಟರ್. ಗುರಿ ಇಡೀ ಬೀಜವೂ ಅಲ್ಲ, ಚಲನೆಗೆ ಸಂಬಂಧಿಸಿದ ಮೇಲ್ಭಾಗದ ಹೊರ ಅಂಚು. ಎರಡು ಮಿಲಿಮೀಟರ್ ಹೊರಗೆ ಸರಿದರೆ ವಿದ್ಯುತ್ತು ಪಕ್ಕದ ನರತಂತುಗಳ ಹೆದ್ದಾರಿಗೆ ಹರಿದು ಸ್ನಾಯು ಸೆಟೆಯಬಹುದು, ಮಾತು ತೊದಲಬಹುದು. ಒಳಮುಂದಕ್ಕೆ ಸರಿದರೆ ಮನಸ್ಸಿನ ಸ್ಥಿತಿಯೇ ಏರುಪೇರಾಗಬಹುದು.

ಚಿಕ್ಕದಕ್ಕೆ ಗಡಿ ಹಾಕುವುದು ಏಕೆ ಕಷ್ಟ ಎಂಬುದಕ್ಕೆ ಸರಳ ಲೆಕ್ಕ ಸಾಕು. ಒಂದು ಮಿಲಿಮೀಟರಿನ ವಾಕ್ಸೆಲ್‌ಗಳಿಂದ 5×5×5 ಘನ ಕಟ್ಟಿ: ಒಟ್ಟು 125. ಅದರಲ್ಲಿ 98 ಹೊರಮೈಯಲ್ಲೇ ಇವೆ, ಸಂಪೂರ್ಣ ಒಳಗಿರುವುದು 27 ಮಾತ್ರ. ಹೊರಮೈಯ ವಾಕ್ಸೆಲ್ ಎಂದರೆ ಅರ್ಧ ನಮ್ಮದು, ಅರ್ಧ ನೆರೆಯವರದು, ಬಣ್ಣವೂ ಬೆರಕೆ. ಇನ್ನು ಅಳತೆ. ಕೈಯಿಂದ ಹಾಕಿದ ಗಡಿ ಮತ್ತು ಯಂತ್ರ ಹಾಕಿದ ಗಡಿ ಎಷ್ಟು ಹೊಂದುತ್ತವೆ ಎಂಬುದನ್ನು ಡೈಸ್ ಎಂಬ ಅಂಕದಲ್ಲಿ ಹೇಳುತ್ತಾರೆ. ಪೂರ್ತಿ ಹೊಂದಿದರೆ 1. ನಮ್ಮ ಪುಟ್ಟ ಘನವನ್ನು ಒಂದೇ ವಾಕ್ಸೆಲ್ ಪಕ್ಕಕ್ಕೆ ಸರಿಸಿದರೆ ಅಂಕ 0.80ಕ್ಕೆ ಬೀಳುತ್ತದೆ. 20×20×20 ಘನವನ್ನು ಅಷ್ಟೇ ಸರಿಸಿದರೆ 0.95. ತಪ್ಪು ಎರಡರಲ್ಲೂ ಒಂದೇ ಮಿಲಿಮೀಟರ್! ಆದ್ದರಿಂದ ಇಡೀ ಮಿದುಳಿಗೆ ಸರಾಸರಿ 0.9 ಎಂದು ಕೊಚ್ಚಿಕೊಳ್ಳುವ ತಂತ್ರಾಂಶವನ್ನು ಆಳದ ಭಾಗಗಳಿಗೆ ಕಣ್ಣು ಮುಚ್ಚಿ ನಂಬಬಾರದು. ಅಂಕದ ಜತೆ, ಎರಡು ಗಡಿಗಳ ನಡುವೆ ಅತಿ ಹೆಚ್ಚಿನ ಅಂತರ ಎಷ್ಟು ಮಿಲಿಮೀಟರ್ ಎಂದೂ ಕೇಳಬೇಕು.

ಕೆಲಸ ಅರ್ಧ ಗೆಲ್ಲುವುದು ಸ್ಕ್ಯಾನ್ ಕೋಣೆಯಲ್ಲೇ. ಮಾಮೂಲಿ ತಲೆ ಸ್ಕ್ಯಾನಿನ ಒಂದು ಹೋಳಿನ ದಪ್ಪ ಸುಮಾರು 5 ಮಿಲಿಮೀಟರ್. ಆ ಲೆಕ್ಕದಲ್ಲಿ ನಮ್ಮ ಕಾಫಿ ಬೀಜ ಒಂದೆರಡು ಹೋಳಿನಲ್ಲಿ ಮುಖ ತೋರಿಸಿ ಮಾಯ. ಬೇಕಾದದ್ದು ಮೂರೂ ದಿಕ್ಕಿಗೆ 1 ಮಿಲಿಮೀಟರ್ ಅಳತೆಯ, ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರ; ಜತೆಗೆ ಟಿ2 ಅಥವಾ ಕಬ್ಬಿಣಕ್ಕೆ ಸ್ಪಂದಿಸುವ ಇನ್ನೊಂದು ಬಗೆಯ ಚಿತ್ರ. ಟಿ1ರಲ್ಲಿ ಸಬ್‌ಥಾಲಮಿಕ್ ನ್ಯೂಕ್ಲಿಯಸ್ ಕಾಣುವುದೇ ಇಲ್ಲವೆನ್ನಬಹುದು. ಟಿ2ರಲ್ಲಿ ಕಬ್ಬಿಣದ ದೆಸೆಯಿಂದ ಕಪ್ಪಾಗಿ ಕಾಣುತ್ತದೆ. ಆದರೆ ಕೆಳಗಿನ ಸಬ್‌ಸ್ಟಾನ್ಶಿಯಾ ನೈಗ್ರವೂ ಕಪ್ಪೇ. ಎರಡೂ ಅಂಟಿಕೊಂಡಂತೆ ತೋರುತ್ತವೆ. ಆಗ ಅಡ್ಡ ಹೋಳು ಬಿಟ್ಟು, ಮುಖಕ್ಕೆ ಎದುರಾಗಿ ಕತ್ತರಿಸಿದ ಹೋಳು ನೋಡಬೇಕು. ಜಮೀನಿನ ಪತ್ರದಲ್ಲಿ ಚೆಕ್ಕುಬಂದಿ ಬರೆದಂತೆ ಲೆಕ್ಕ ಹಾಕಿ: ಒಳಹಿಂಬದಿಗೆ ದುಂಡಗಿನ ರೆಡ್ ನ್ಯೂಕ್ಲಿಯಸ್, ಹೊರಬದಿಗೆ ಇಂಟರ್ನಲ್ ಕ್ಯಾಪ್ಸೂಲ್ ಎಂಬ ಆ ನರತಂತುಗಳ ಹೆದ್ದಾರಿ, ಕೆಳಗೆ ನೈಗ್ರ, ಮೇಲೆ ಥಾಲಮಸ್. ಕಾಣದ ಜಮೀನನ್ನು ಕಾಣುವ ನೆರೆಯವರಿಂದ ಗುರುತಿಸುವುದು.

ನಡುಕದ ರೋಗಿ ತಲೆ ಅಲ್ಲಾಡಿಸಿದರೆ ಎಂಥ ತಂತ್ರಾಂಶವೂ ನಿಷ್ಪ್ರಯೋಜಕ. ಮಾತ್ರೆಯ ಹೊತ್ತು ಹೇಗೆ ಹೊಂದಿಸಬೇಕು, ಮಂಪರು ಔಷಧಿ ಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿ. ಮೈಯಲ್ಲಿ ಎಲ್ಲಾದರೂ ಕೋವಿಯ ಹಳೆಯ ಚರೆ ಉಳಿದಿದ್ದರೆ ಮುಚ್ಚಿಡದೆ ಹೇಳಬೇಕು. ಕೋವಿ ಪೂಜಿಸುವ ನಾಡಿನಲ್ಲಿ ಇದು ತಮಾಷೆಯ ಮಾತಲ್ಲ; ಸೀಸದ ಚರೆಯನ್ನು ಸ್ಕ್ಯಾನ್ ಯಂತ್ರದ ಕಾಂತ ಎಳೆಯದು, ಉಕ್ಕಿನದನ್ನು ಎಳೆಯುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಹೋಗಿ ಸ್ಕ್ಯಾನ್ ಮಾಡಿಸಿದವರು ಬರೀ ಫಿಲ್ಮ್ ಹಿಡಿದು ಬರಬಾರದು. ಫಿಲ್ಮ್‌ನಿಂದ ಸೆಗ್ಮೆಂಟೇಶನ್ ಆಗದು. ಸ್ಕ್ಯಾನಿನ ಮೂಲ ಚಿತ್ರಗಳ ಕಡತಗಳು, ಅಂದರೆ ಡೈಕಾಮ್ ಕಡತಗಳು ಇರುವ ಸಿ.ಡಿ. ಕೇಳಿ ಪಡೆಯಿರಿ.

ಗಣಕದಲ್ಲಿ ಮೊದಲು ಕಾಂತಕ್ಷೇತ್ರದ ಏರಿಳಿತದಿಂದ ಬಂದ ಮಬ್ಬನ್ನು ಸರಿಪಡಿಸಬೇಕು. ಅನಂತರ ಟಿ1, ಟಿ2 ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಬೇಕು. ಆಮೇಲೆ ಹೆಸರು ಹಚ್ಚುವುದು. ಹೆಸರಾಂತ ಫ್ರೀಸರ್ಫರ್ ತಂತ್ರಾಂಶ ಥಾಲಮಸ್, ಪ್ಯುಟಾಮೆನ್‌ಗಳನ್ನು ಬೇರ್ಪಡಿಸುತ್ತದೆ. ಆದರೆ ಅದರ ಮಾಮೂಲಿ ಪಟ್ಟಿಯಲ್ಲಿ ಸಬ್‌ಥಾಲಮಿಕ್ ನ್ಯೂಕ್ಲಿಯಸ್, ನೈಗ್ರ ಎಲ್ಲವೂ ‘ವೆಂಟ್ರಲ್ ಡಿಸಿ’ ಎಂಬ ಒಂದೇ ಮೂಟೆಯಲ್ಲಿರುತ್ತವೆ. ಆಕ್ಸ್‌ಫರ್ಡ್‌ನ ಫಸ್ಟ್ ಎಂಬ ಹೆಸರಿನ ತಂತ್ರಾಂಶ ಕೈಯಿಂದ ಗಡಿ ಹಾಕಿದ 336 ಚಿತ್ರಗಳಿಂದ ಆಕಾರ ಕಲಿತು 15 ಭಾಗಗಳನ್ನು ಗುರುತಿಸುತ್ತದೆ. ಅದರಲ್ಲೂ ನಮ್ಮ ಬೀಜವಿಲ್ಲ. ಅದಕ್ಕೆ ಪ್ರತ್ಯೇಕ ನಕಾಶೆ, ಅಂದರೆ ಭಾಗಗಳಿಗೆ ಮೊದಲೇ ಗಡಿ ಹಾಕಿಟ್ಟ ಮಾದರಿ ಮಿದುಳು ಬೇಕು, ಇಲ್ಲವೇ 2015ರಲ್ಲಿ ಬಂದ ಯು-ನೆಟ್ ಮಾದರಿಯ ನರಜಾಲಕ್ಕೆ (ಉದಾಹರಣೆ ನೋಡಿ ಕಲಿಯುವ ತಂತ್ರಾಂಶಕ್ಕೆ) ಆ ಭಾಗವನ್ನೇ ಕಲಿಸಬೇಕು.

ನಕಾಶೆ ಯಾರ ತಲೆಯದು ಎಂಬುದೂ ಮುಖ್ಯ. ಜಗತ್ತೆಲ್ಲ ಬಳಸುವ ಎಂಎನ್‌ಐ ಮಾದರಿ ಮಾಂಟ್ರಿಯಲ್‌ನ 152 ಜನರ ಸರಾಸರಿ. ಭಾರತೀಯರ ಮಿದುಳು ಸರಾಸರಿಯಲ್ಲಿ ಅದಕ್ಕಿಂತ ಚಿಕ್ಕದು. ಹೈದರಾಬಾದಿನ ಐಐಐಟಿ 2019ರಲ್ಲಿ 100 ಜನರ ಒಂದು ಮಾದರಿಯನ್ನು, ಬೆಂಗಳೂರಿನ ನಿಮ್ಹಾನ್ಸ್ 2020ರಲ್ಲಿ 6ರಿಂದ 60 ವರ್ಷದವರ ಐದು ಮಾದರಿಗಳನ್ನು ಕೊಟ್ಟಿವೆ. 75ರ ಅಜ್ಜನಿಗೆ ಇವೂ ಪೂರ್ತಿ ಹೊಂದವು: ವಯಸ್ಸಾದಂತೆ ಮಿದುಳಿನ ದ್ರವಕೋಶಗಳು ಹಿಗ್ಗಿ ಅವುಗಳ ಮಗ್ಗುಲಿನ ಕಾಡೇಟ್ ಎಂಬ ಭಾಗ ಪಕ್ಕಕ್ಕೆ ಸರಿದಿರುತ್ತದೆ, ಪ್ಯುಟಾಮೆನ್‌ನಲ್ಲಿ ಕಬ್ಬಿಣ ಹೆಚ್ಚಿ ಛಾಯೆ ಬದಲಾಗಿರುತ್ತದೆ, ರಕ್ತನಾಳದ ಸುತ್ತಲಿನ ತೂತುಗಳನ್ನು ಯಂತ್ರ ದ್ರವವೆಂದು ಕಿತ್ತುಹಾಕಿರುತ್ತದೆ. ಹಾಗಾಗಿ ಗಡಿಯನ್ನು ಚಿತ್ರದ ಮೇಲಿಟ್ಟು ಮೂರೂ ದಿಕ್ಕಿನಲ್ಲಿ ಕಣ್ಣಾರೆ ನೋಡಲೇಬೇಕು.

ಎಲ್ಲಕ್ಕಿಂತ ಪೆದ್ದ ತಪ್ಪುಗಳು ಎರಡು. ಪ್ರತಿ ಭಾಗಕ್ಕೂ ಒಂದು ಸಂಖ್ಯೆ ಕೊಟ್ಟು ಹೆಸರು ಹಚ್ಚಿದ ಕಡತದ ವಾಕ್ಸೆಲ್ ಅಳತೆ ಬದಲಿಸುವಾಗ ನೆರೆಹೊರೆಯ ಸರಾಸರಿ ತೆಗೆಯುವುದು ಒಂದು: 10 ಮತ್ತು 12ನೇ ಸಂಖ್ಯೆಯ ಭಾಗಗಳ ನಡುವೆ ಇಲ್ಲದ 11 ಹುಟ್ಟಿಕೊಳ್ಳುತ್ತದೆ, ಅತಿ ಹತ್ತಿರದ ವಾಕ್ಸೆಲ್‌ನ ಸಂಖ್ಯೆಯನ್ನೇ ಎತ್ತಿಕೊಳ್ಳಬೇಕು. ಇನ್ನೊಂದು, ಎಡಬಲ ತಿರುವುಮುರುವಾಗುವುದು. ಮಿದುಳು ನೋಡಲು ಎರಡೂ ಕಡೆ ಒಂದೇ ಥರ, ತಪ್ಪಾದರೆ ಗೊತ್ತೇ ಆಗದು. ಅದಕ್ಕೇ ಕೆಲವು ಸಂಶೋಧನಾ ಕೇಂದ್ರಗಳಲ್ಲಿ ಸ್ಕ್ಯಾನಿಗೆ ಮೊದಲು ಬಲಗಡೆಯ ಕಣತಲೆಗೆ ವಿಟಮಿನ್ ಇ ಗುಳಿಗೆಯೊಂದನ್ನು ಅಂಟಿಸುತ್ತಾರೆ. ಅದರೊಳಗಿನ ಎಣ್ಣೆ ಟಿ1 ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಹೊಳೆದ ಕಡೆ ಬಲ.