ಹಸಿರು ದೀಪ ಎಷ್ಟು ಹೇಳುತ್ತದೆ?

ನೆಟ್‌ವರ್ಕ್ ಕೆಲಸ ಕಲಿಯಲು ಬಂದವರ ಕೈಗೆ ಮೊದಮೊದಲು ಬರುವ ಸಾಮಾನು ಕ್ರಿಂಪಿಂಗ್ ಟೂಲ್. ಕೇಬಲ್ಲಿನ ಹೊರಗವಸು ಸುಲಿದರೆ ಒಳಗೆ ಎಂಟು ತೆಳು ತಂತಿಗಳು, ಎರಡೆರಡು ಒಂದಕ್ಕೊಂದು ಹೊಸೆದುಕೊಂಡು ನಾಲ್ಕು ಜೋಡಿಯಾಗಿರುತ್ತವೆ. ಅವನ್ನು ಬಿಡಿಸಿ, ನೇರ ಮಾಡಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಹಿಡಿದು ಆರ್‌ಜೆ 45 ಕನೆಕ್ಟರ್‌ಗೆ ತೂರಿಸಿ ಒತ್ತಬೇಕು. ಕ್ರಮ ಬಾಯಿಪಾಠವಾಗಲು ಹೆಚ್ಚು ಹೊತ್ತು ಬೇಡ. ಆದರೆ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಒಬ್ಬರು ಕೇಳುತ್ತಾರೆ: ಉಳಿದ ಜೋಡಿಗಳೆಲ್ಲ ಅಕ್ಕಪಕ್ಕ ಇವೆಯಲ್ಲ, ಹಸಿರು ಜೋಡಿಯನ್ನು ಮಾತ್ರ ಯಾಕೆ ಅಗಲಿಸಿ ನಡುವೆ ನೀಲಿಯನ್ನು ಕೂರಿಸಬೇಕು?

ಈ ಪ್ರಶ್ನೆ ಕೇಳಿದವರು ಮುಂದೆ ಒಳ್ಳೆಯ ಕೆಲಸಗಾರರಾಗುತ್ತಾರೆ ಎಂಬುದು ನನ್ನ ನಂಬಿಕೆ. ಉತ್ತರ ಟೆಲಿಫೋನಿನ ಕಾಲದ್ದು. ಫೋನಿನ ಪ್ಲಗ್ಗಿನಲ್ಲಿ ನಟ್ಟನಡುವಿನ ಎರಡು ಪಿನ್ನುಗಳು ಮೊದಲ ಲೈನಿಗೆ ಮೀಸಲು. ಇನ್ನೊಂದು ಲೈನಿನ ಜೋಡಿ ಅದರ ಎಡಬಲಕ್ಕೆ. ಕಂಪ್ಯೂಟರ್ ಕೇಬಲ್ಲಿನ ಕ್ರಮ ಗೊತ್ತುಮಾಡುವಾಗ ಈ ವ್ಯವಸ್ಥೆಯನ್ನು ಕೆಡಿಸಲಿಲ್ಲ. ಹಾಗಾಗಿ 4 ಮತ್ತು 5ನೇ ಪಿನ್ನಿನಲ್ಲಿ ನೀಲಿ, ಅದನ್ನು ದಾಟಿ 3 ಮತ್ತು 6ರಲ್ಲಿ ಹಸಿರು.

ಈಗ ಒಬ್ಬ ಹುಡುಗ ಇದನ್ನು ಮರೆತು ಎರಡೂ ತುದಿಯಲ್ಲಿ ಹಸಿರನ್ನು ಹಸಿರಿನ ಪಕ್ಕ, ನೀಲಿಯನ್ನು ನೀಲಿಯ ಪಕ್ಕ ಹಾಕಿದ ಎನ್ನಿ. ಕೇಬಲ್ ಟೆಸ್ಟರ್‌ಗೆ ಸಿಕ್ಕಿಸಿದರೆ ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹತ್ತುತ್ತವೆ. ಎಲ್ಲ ಸರಿ ಇದೆ ಎಂದೇ ತೋರುತ್ತದೆ. ಆದರೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ಎಂಬ ಪೆಟ್ಟಿಗೆಗೆ ಹಾಕಿದರೆ ಲಿಂಕ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ; ದೊಡ್ಡ ಫೈಲ್ ಕಳಿಸಿದರೆ ಎಳೆದಾಡುತ್ತದೆ; ಕೇಬಲ್ ಉದ್ದವಾದಷ್ಟೂ ಕಾಟ ಹೆಚ್ಚು.

ಕಾರಣ ಆ ಹೊಸೆಯುವಿಕೆಯಲ್ಲಿದೆ. ಜೋಡಿಯ ಒಂದು ತಂತಿಯಲ್ಲಿ ಸಂಕೇತ ಹೋದರೆ ಇನ್ನೊಂದರಲ್ಲಿ ಅದರದೇ ತಲೆಕೆಳಗಾದ ರೂಪ ಹೋಗುತ್ತದೆ. ಆಚೆ ತುದಿಯ ಯಂತ್ರ ಎರಡರ ವ್ಯತ್ಯಾಸವನ್ನಷ್ಟೇ ನೋಡುತ್ತದೆ. ದಾರಿಯಲ್ಲಿ ಟ್ಯೂಬ್‌ಲೈಟಿನದೋ ಮೋಟಾರಿನದೋ ಗದ್ದಲ ನುಗ್ಗಿದರೆ, ಹೊಸೆದ ಎರಡೂ ತಂತಿಗಳ ಮೇಲೆ ಅದು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬೀಳುತ್ತದೆ, ವ್ಯತ್ಯಾಸ ತೆಗೆದಾಗ ಕಳೆದುಹೋಗುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ನಮ್ಮ ಹುಡುಗ ಮಾಡಿದ ಕೇಬಲ್ಲಿನಲ್ಲಿ 3 ಮತ್ತು 6ನೇ ಪಿನ್ನಿಗೆ ಸಿಕ್ಕಿದ್ದು ಒಂದು ಹಸಿರು ಜೋಡಿಯ ತಂತಿ, ಒಂದು ನೀಲಿ ಜೋಡಿಯ ತಂತಿ. ಅವೆರಡೂ ಒಂದಕ್ಕೊಂದು ಹೊಸೆದುಕೊಂಡೇ ಇಲ್ಲ. ಪಕ್ಕದ ಜೋಡಿಯ ಮಾತು ಇದರೊಳಗೆ ಇಳಿಯುತ್ತದೆ.

ಟೆಸ್ಟರ್ ಸುಳ್ಳು ಹೇಳಲಿಲ್ಲ. ಈ ತುದಿಯ ಮೂರು ಆ ತುದಿಯ ಮೂರಕ್ಕೆ ಸೇರಿದೆ ಎಂದಷ್ಟೇ ಅದು ಹೇಳಿತು. ಉಳಿದದ್ದನ್ನು ನಾವು ಊಹಿಸಿಕೊಂಡೆವು. ಒಂದು ಪರೀಕ್ಷೆ ಏನನ್ನು ಸಾಬೀತು ಮಾಡುತ್ತದೆ, ಏನನ್ನು ಮಾಡುವುದಿಲ್ಲ ಎಂಬ ಗೆರೆಯನ್ನು ಸ್ಪಷ್ಟವಾಗಿ ಎಳೆಯಲು ಬರುವುದೇ ಈ ವೃತ್ತಿಯ ಅಸಲಿ ತರಬೇತಿ. ಕಮಾಂಡುಗಳನ್ನು ಪುಸ್ತಕ ನೋಡಿ ಹೊಡೆಯಬಹುದು. ಗೆರೆ ಎಳೆಯುವುದನ್ನು ಮಾತ್ರ ರೂಢಿಯಿಂದಲೇ ಕಲಿಯಬೇಕು.

ಕೇಬಲ್ಲಿನಿಂದ ಒಂದು ಮೆಟ್ಟಿಲು ಮೇಲೆ ಹೋಗೋಣ. ಒಂದು ಕಚೇರಿಯಲ್ಲಿ ಹೊಸ ಪ್ರಿಂಟರ್ ಬಂದಿದೆ, ಅದರ ವಿಳಾಸ 192.168.10.70. ಒಂದು ಮೇಜಿನಿಂದ ಪ್ರಿಂಟ್ ಬರುತ್ತದೆ, ಪಕ್ಕದ ಮೇಜಿನಿಂದ ಬರುವುದಿಲ್ಲ. ಎರಡೂ ಒಂದೇ ಸ್ವಿಚ್‌ನಲ್ಲಿವೆ, ಎರಡರ ಪೋರ್ಟಿನಲ್ಲೂ ಹಸಿರು ದೀಪ. ಪ್ರಿಂಟ್ ಬಾರದ ಯಂತ್ರದ ವಿಳಾಸ 192.168.10.50, ಅದರ ಸಬ್‌ನೆಟ್ ಮಾಸ್ಕ್ 255.255.255.192. ಸರಿ ಇರುವ ಯಂತ್ರದಲ್ಲಿ ಆ ಕೊನೆಯ ಅಂಕಿ 0.

ಮಾಸ್ಕ್ ಎಂದರೆ ವಿಳಾಸದ 32 ಬಿಟ್‌ಗಳಲ್ಲಿ ಎಷ್ಟು ಬಿಟ್ ಒಂದೇ ತರ ಇದ್ದರೆ ‘ಇವರು ನಮ್ಮವರು’ ಎಂದು ತಿಳಿಯಬೇಕು ಎಂಬ ಅಳತೆ. ಕೊನೆಯಲ್ಲಿ 192 ಇದ್ದರೆ ಮೊದಲ 26 ಬಿಟ್‌ಗಳನ್ನು ಹೋಲಿಸಬೇಕು. 50ನ್ನು ಎಂಟು ಬಿಟ್‌ಗಳಲ್ಲಿ ಬರೆದರೆ 00110010. 70ನ್ನು ಬರೆದರೆ 01000110. ಮೊದಲೆರಡು ಬಿಟ್ ಒಂದರಲ್ಲಿ 00, ಇನ್ನೊಂದರಲ್ಲಿ 01. ಯಂತ್ರಕ್ಕೆ ಅಷ್ಟೇ ಸಾಕು: ಈ ಪ್ರಿಂಟರ್ ನಮ್ಮ ನೆಟ್‌ವರ್ಕಿನದಲ್ಲ ಎಂದು ತೀರ್ಮಾನಿಸಿ, ಒಂದು ಮಾರು ದೂರದಲ್ಲಿರುವ ಪ್ರಿಂಟರಿಗೆ ಹೋಗಬೇಕಾದ ಪ್ಯಾಕೆಟ್ಟನ್ನು, ಅಂದರೆ ಮಾಹಿತಿಯ ತುಣುಕನ್ನು, ಬೇರೆ ನೆಟ್‌ವರ್ಕುಗಳಿಗೆ ದಾರಿ ಕೊಡುವ ರೂಟರಿಗೆ ಕಳಿಸಿಬಿಡುತ್ತದೆ. ಬಂದ ಕಡೆಗೇ ಅದನ್ನು ಮರಳಿಸಲು ರೂಟರ್ ಒಪ್ಪದಿದ್ದರೆ ಅಲ್ಲಿಂದ ಮುಂದೆ ಅದಕ್ಕೆ ದಾರಿ ಇಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆಯಿರಿ. ಜೆರಾಲ್ಡ್ ಕೂಂಬ್ಸ್ 1998ರಲ್ಲಿ ಬೇರೆ ಹೆಸರಿನಲ್ಲಿ ಶುರುಮಾಡಿದ ಈ ತಂತ್ರಾಂಶ ಇವತ್ತಿಗೂ ಉಚಿತ. ತಪ್ಪು ಮಾಸ್ಕ್ ಇರುವ ಯಂತ್ರದಿಂದ ಪಿಂಗ್ ಮಾಡುತ್ತ, ಅಂದರೆ ‘ಇದ್ದೀಯಾ’ ಎಂದು ಪ್ರಿಂಟರನ್ನು ಕೇಳುತ್ತ, ನೋಡಿದರೆ, ಹೊರಡುವ ಪ್ಯಾಕೆಟ್ಟಿನಲ್ಲಿ ಬರೆದ ಗುರಿಯ ಐಪಿ ವಿಳಾಸ (192.168ರಿಂದ ಶುರುವಾಗುವ ಆ ಅಂಕಿ) ಪ್ರಿಂಟರಿನದು, ಗುರಿಯ ಮ್ಯಾಕ್ ವಿಳಾಸ (ಯಂತ್ರದ ನೆಟ್‌ವರ್ಕ್ ಕಾರ್ಡಿನ ಗುರುತು) ರೂಟರಿನದು. ಈ ಎರಡು ಸಾಲು ಓದಿ ‘ಓ, ಇದು ಹೊರಗೆ ಹೋಗುತ್ತಿದೆ’ ಎಂದು ಗುರುತಿಸಿದವರಿಗೆ ಸಬ್‌ನೆಟ್ ಲೆಕ್ಕ ಮತ್ತೆ ಮರೆಯುವುದಿಲ್ಲ. ಹತ್ತು ಪುಟ ಲೆಕ್ಕ ಮಾಡಿಸುವುದಕ್ಕಿಂತ ಈ ಒಂದು ಪ್ರಯೋಗವನ್ನು ಮಾಡಿಸುವುದು ಮೇಲು. ನಮ್ಮ ಎಷ್ಟೋ ತರಗತಿಗಳಲ್ಲಿ ನೆಟ್‌ವರ್ಕಿನ ಕೆಲಸವನ್ನು ಹಂಚಿ ತೋರಿಸುವ ಏಳು ಪದರಗಳ ಹೆಸರನ್ನು ಉರು ಹೊಡೆಸುತ್ತಾರೆ, ಒಂದು ಪ್ಯಾಕೆಟ್ಟನ್ನೂ ಬಿಚ್ಚಿ ತೋರಿಸುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಪಿಂಗ್ ಮಾಡಿದೆವು, ಉತ್ತರ ಬರಲಿಲ್ಲ ಎಂದರೆ ಆಚೆಯವನು ಸತ್ತಿದ್ದಾನೆಂದಲ್ಲ. ಬೇಡದ ಸಂಪರ್ಕ ತಡೆಯುವ ಅವನ ಫೈರ್‌ವಾಲ್ ಉತ್ತರಿಸಬೇಡ ಎಂದಿರಬಹುದು. ಹೋದ ದಾರಿ ಸರಿಯಿದ್ದು ಬರುವ ದಾರಿ ಮುಚ್ಚಿರಬಹುದು. ದಾರಿಯಲ್ಲಿ ಸಿಗುವ ರೂಟರುಗಳನ್ನು ತೋರಿಸುವ ಟ್ರೇಸ್‌ರೂಟ್ ಇನ್ನೂ ಸ್ವಾರಸ್ಯದ್ದು. ಪ್ರತಿ ಐಪಿ ಪ್ಯಾಕೆಟ್ಟಿನಲ್ಲೂ ಒಂದು ಅಂಕಿ ಇರುತ್ತದೆ. ದಾಟಿದ ಪ್ರತಿ ರೂಟರ್ ಅದರಿಂದ ಒಂದನ್ನು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ಟನ್ನು ಬಿಸಾಡಿ ಕಳಿಸಿದವನಿಗೆ ಸುದ್ದಿ ಮುಟ್ಟಿಸುತ್ತದೆ. ಪ್ಯಾಕೆಟ್ಟುಗಳು ಸುತ್ತಿನಲ್ಲಿ ಸಿಕ್ಕಿ ಕೊನೆಯಿಲ್ಲದೆ ತಿರುಗಬಾರದೆಂದು ಮಾಡಿದ ಏರ್ಪಾಡು ಇದು. 1980ರ ದಶಕದಲ್ಲಿ ವ್ಯಾನ್ ಜೇಕಬ್‌ಸನ್ ಇದನ್ನೇ ದಾರಿ ಹುಡುಕುವ ಉಪಾಯವಾಗಿ ಬಳಸಿದರು. ಮೊದಲು 1 ಎಂದು ಬರೆದು ಕಳಿಸು, ಮೊದಲ ರೂಟರಿನ ಸುದ್ದಿ ಬರುತ್ತದೆ. 2 ಎಂದು ಕಳಿಸು, ಎರಡನೆಯದರ ಸುದ್ದಿ. ಹೀಗೆ ದಾರಿ ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತದೆ. ನಡುವೆ ಉತ್ತರದ ಬದಲು ನಕ್ಷತ್ರ ಚಿಹ್ನೆ ಕಂಡ ತಕ್ಷಣ ‘ಇಲ್ಲೇ ಕೆಟ್ಟಿದೆ’ ಎಂದು ದೂರಿನ ಟಿಕೆಟ್ ಬರೆಯುವ ಹೊಸಬರು ಬಹಳ. ಆ ರೂಟರ್ ಸುದ್ದಿ ಕಳಿಸುವ ಕೆಲಸಕ್ಕೆ ಬೆಲೆ ಕೊಡುತ್ತಿಲ್ಲ ಅಷ್ಟೇ. ಅದರ ಮುಂದಿನ ಸಾಲು ಉತ್ತರಿಸುತ್ತಿದ್ದರೆ ದಾರಿ ತೆರೆದೇ ಇದೆ.

ನಿಧಾನ ಎಂಬ ದೂರಿಗೂ ಭೌತಶಾಸ್ತ್ರದ ಒಂದು ಲೆಕ್ಕ ಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿಂದ ನ್ಯೂಯಾರ್ಕ್‌ಗೆ ನೇರ ಗೆರೆ ಎಳೆದರೂ 13,000 ಕಿಲೋಮೀಟರ್ ಮೀರುತ್ತದೆ. ಹೋಗಿ ಬರಲು 130 ಮಿಲಿಸೆಕೆಂಡ್ ಬೇಕೇ ಬೇಕು. ಸಮುದ್ರದಡಿಯ ಕೇಬಲ್ ನೇರವಾಗಿ ಹೋಗುವುದೂ ಇಲ್ಲವಾದ್ದರಿಂದ ನಿಜದ ಅಂಕಿ ಇನ್ನೂ ದೊಡ್ಡದು. ಎಷ್ಟು ದುಡ್ಡು ಕೊಟ್ಟು ಬ್ಯಾಂಡ್‌ವಿಡ್ತ್ ಹೆಚ್ಚಿಸಿದರೂ ಇದು ಕರಗುವುದಿಲ್ಲ. ಈ ಲೆಕ್ಕ ಗೊತ್ತಿರುವ ಹುಡುಗಿ ಮೀಟಿಂಗ್‌ನಲ್ಲಿ ಮ್ಯಾನೇಜರರ ಎದುರು ಧೈರ್ಯವಾಗಿ ನಿಲ್ಲುತ್ತಾಳೆ.

ಕಚೇರಿಯ ಗೋಡೆಯಾಚೆಗೆ ಹೋದರೆ ಸಾಬೀತಿನ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. 2008ರ ಫೆಬ್ರವರಿ 24ರಂದು ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ಪಾಕಿಸ್ತಾನ ಸರ್ಕಾರ ತನ್ನ ದೇಶದೊಳಗೆ ಅದನ್ನು ತಡೆಯಲು ಹೇಳಿತ್ತು. ಪಾಕಿಸ್ತಾನ್ ಟೆಲಿಕಾಂ ಅದಕ್ಕಾಗಿ ‘208.65.153.0/24ಕ್ಕೆ ದಾರಿ ನನ್ನ ಹತ್ತಿರ’ ಎಂದು ಸಾರಿತು (/24 ಎಂದರೆ ಮೊದಲ 24 ಬಿಟ್ ಗೊತ್ತುಮಾಡಿದ ವಿಳಾಸಗಳ ಗುಂಪು; ಆ ಅಂಕಿ ದೊಡ್ಡದಾದಷ್ಟೂ ಗುಂಪು ಚಿಕ್ಕದು). ಆ ಸಾರಿಕೆ ಒಳಗೇ ಉಳಿಯಬೇಕಿತ್ತು, ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯು ಟೆಲಿಕಾಂ ಕಂಪನಿಯ ಮೂಲಕ ಹೊರಜಗತ್ತಿಗೆ ಹೋಯಿತು. ಯೂಟ್ಯೂಬ್ ಸ್ವತಃ ಸಾರುತ್ತಿದ್ದದ್ದು 208.65.152.0/22 ಎಂಬ ಹೆಚ್ಚು ಅಗಲದ ವಿಳಾಸ. ರೂಟರುಗಳ ನಿಯಮ, ಹೆಚ್ಚು ನಿಖರವಾದದ್ದು ಗೆಲ್ಲುತ್ತದೆ. ಪಿನ್‌ಕೋಡಿನಂತೆಯೇ: 560 ಎಂದರೆ ಬೆಂಗಳೂರು, 560004 ಎಂದರೆ ಬಸವನಗುಡಿ. ‘560 ಇಲ್ಲಿಗೆ’ ಎಂಬ ಫಲಕವೂ ‘560004 ಅಲ್ಲಿಗೆ’ ಎಂಬ ಫಲಕವೂ ಇದ್ದರೆ ಬಸವನಗುಡಿಯ ಕಾಗದ ಎರಡನೆಯದರತ್ತಲೇ ಹೋಗುತ್ತದೆ, ಆ ಫಲಕ ನೆಟ್ಟವರು ಯಾರೇ ಆಗಿರಲಿ. ಯೂಟ್ಯೂಬ್ ಎಂಜಿನಿಯರುಗಳು ತಾವೂ /24 ಸಾರಿದರು, ಸಾಲದೆಂದು ಇನ್ನೂ ನಿಖರವಾದ ಎರಡು /25 ಸಾರಿದರು. ನಿಯಮವನ್ನು ನಿಯಮದಿಂದಲೇ ಹಿಮ್ಮೆಟ್ಟಿಸಿದ ಆ ನಡೆ ನನಗೆ ಅಚ್ಚುಮೆಚ್ಚು. ಈಗ ಯಾವ ವಿಳಾಸವನ್ನು ಯಾರು ಸಾರಬಹುದು ಎಂಬುದಕ್ಕೆ ಡಿಜಿಟಲ್ ಸಹಿಯ ಸಾಕ್ಷಿ ಕೊಡುವ ಆರ್‌ಪಿಕೆಐ ವ್ಯವಸ್ಥೆ ಬಂದಿದೆ. ಕಲಿಯುವವರು ಅದನ್ನು ಪಟ್ಟಿಯಲ್ಲಿ ಸೇರಿಸಿಕೊಳ್ಳಲೇಬೇಕು.

ಹಾಗಾದರೆ ತರಬೇತಿ ಎಲ್ಲಿ, ಹೇಗೆ? ನಮ್ಮಲ್ಲಿ ಡಿಪ್ಲೊಮಾ, ಬಿಸಿಎ, ಬಿಇ ಮಾಡಿದವರು ಈ ಕಡೆ ಬರುತ್ತಾರೆ. ಐಟಿಐಗಳಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ಟ್ರೇಡೇ ಇದೆ. ನೆಟ್‌ವರ್ಕ್ ಸಾಧನ ಮಾಡುವ ಸಿಸ್ಕೊ ಕಂಪನಿಯ ಸಿಸಿಎನ್‌ಎ ಸರ್ಟಿಫಿಕೇಟ್ 1998ರಿಂದ ಚಾಲ್ತಿಯಲ್ಲಿದೆ, ಮೂರು ವರ್ಷಕ್ಕೆ ನವೀಕರಿಸಬೇಕು. 2020ರಲ್ಲಿ ಅದರ ಹಲವು ಶಾಖೆಗಳನ್ನು ಒಂದೇ ಪರೀಕ್ಷೆಗೆ ಇಳಿಸಿ, ಆಟೊಮೇಶನ್ ಪಾಠವನ್ನೂ ಸೇರಿಸಿದರು. ಪ್ಯಾಕೆಟ್ ಟ್ರೇಸರ್ ಎಂಬ ಅವರ ಉಚಿತ ತಂತ್ರಾಂಶದಲ್ಲಿ ಸ್ವಿಚ್, ರೂಟರ್ ಕೊಳ್ಳದೆಯೇ ಒಂದು ಇಡೀ ಕಚೇರಿಯ ನೆಟ್‌ವರ್ಕ್ ಕಟ್ಟಬಹುದು, ಕೆಡಿಸಬಹುದು. ಕೆಡಿಸುವುದನ್ನು ಒತ್ತಿ ಹೇಳುತ್ತೇನೆ. ಗೆಳೆಯರಿಬ್ಬರು ಕೂತು ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಒಂದು ಕಡೆ ಕೆಡಿಸಿ ಹುಡುಕಲು ಕೊಡುವ ಆಟಕ್ಕಿಂತ ಒಳ್ಳೆಯ ತರಗತಿ ನಾನು ನೋಡಿಲ್ಲ.

ಸರ್ಟಿಫಿಕೇಟೂ ಒಂದು ಪರೀಕ್ಷೆಯ ಫಲಿತಾಂಶವೇ ಆದ್ದರಿಂದ ಅದಕ್ಕೂ ಆ ಗೆರೆ ಎಳೆಯಬೇಕು. ‘ಡಂಪ್ಸ್’ ಎಂದು ಮಾರುವ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ಪಾಸಾದವರಿಗೂ ಅದೇ ಕಾಗದ ಸಿಗುತ್ತದೆ. ಸಂದರ್ಶನದಲ್ಲಿ ಕುಳಿತವರಿಗೆ ಇದು ಗೊತ್ತು. ಅವರು ಕೇಳುವ ಪ್ರಶ್ನೆ ಸರಳ: ‘ಒಬ್ಬರಿಗೆ ವೆಬ್‌ಸೈಟ್ ತೆರೆಯುತ್ತಿಲ್ಲ ಅಂತ ಫೋನ್ ಬಂತು. ಏನ್ ಮಾಡ್ತೀಯಪ್ಪ?’ ರೀಸ್ಟಾರ್ಟ್ ಮಾಡಿಸ್ತೀನಿ ಸಾರ್ ಎಂದವನ ಸಂದರ್ಶನ ಅಲ್ಲಿಗೇ ಮುಗಿಯಬಹುದು. ಅವರೊಬ್ಬರಿಗೋ ಎಲ್ಲರಿಗೋ, ಒಂದೇ ಸೈಟೋ ಎಲ್ಲವೋ, ಹೆಸರಿನಿಂದ ಹೋಗದಿದ್ದರೆ ಐಪಿ ವಿಳಾಸದಿಂದ ಹೋಗುತ್ತದೆಯೋ, ಯಂತ್ರಕ್ಕೆ 169.254 ಎಂದು ಶುರುವಾಗುವ ವಿಳಾಸ ಬಂದಿದೆಯೋ ಎಂದು ಕೇಳುತ್ತ ಹೋದವರು ಉತ್ತರ ಸಿಗುವ ಮೊದಲೇ ಗೆದ್ದಿರುತ್ತಾರೆ. ಆ ಕೊನೆಯ ಪ್ರಶ್ನೆ ಚಿನ್ನದಂಥದ್ದು: ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನಿಂದ ಏನೂ ಸಿಗದಿದ್ದಾಗ ಯಂತ್ರ ತಾನೇ ಇಟ್ಟುಕೊಳ್ಳುವ ವಿಳಾಸ ಅದು.

ಭಾರತದಲ್ಲಿ ಕೆಲಸ ಮಾಡುವವರು ಇನ್ನೆರಡು ವಿಷಯ ಬಿಡುವಂತಿಲ್ಲ. ಒಂದು ಐಪಿವಿ6, ಅಂದರೆ ಹೊಸ ಬಗೆಯ ಐಪಿ ವಿಳಾಸ. 32 ಬಿಟ್‌ನ ಹಳೆಯ ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ನಮ್ಮ ಮೊಬೈಲ್ ಕಂಪನಿಗಳ ದೆಸೆಯಿಂದ ಅರ್ಧಕ್ಕಿಂತ ಹೆಚ್ಚು ಬಳಕೆದಾರರು ಈಗ 128 ಬಿಟ್‌ನ ವಿಳಾಸದಲ್ಲಿದ್ದಾರೆ. ‘ಸಿಲಬಸ್‌ನಲ್ಲಿ ಕೊನೆಯ ಅಧ್ಯಾಯ’ ಎಂದು ಹಾರಿಸುವ ಮೇಷ್ಟ್ರುಗಳು ಇದನ್ನು ಗಮನಿಸಬೇಕು. ಇನ್ನೊಂದು ಗಡಿಯಾರ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ ಸಂಸ್ಥೆಗಳು 180 ದಿನಗಳ ಲಾಗ್ (ಯಂತ್ರಗಳ ದಿನಚರಿ) ಇಡಬೇಕು, ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕು, ಯಂತ್ರಗಳ ಸಮಯವನ್ನು ಅಧಿಕೃತ ಮೂಲಕ್ಕೆ ಹೊಂದಿಸಬೇಕು. ಫೈರ್‌ವಾಲ್‌ನ ಗಡಿಯಾರ ನಾಲ್ಕು ನಿಮಿಷ ಮುಂದಿದ್ದರೆ, ಯಾವುದು ಮೊದಲು ನಡೆಯಿತು ಎಂಬುದನ್ನೇ ಲಾಗ್ ತಿರುಗುಮುರುಗಾಗಿ ಹೇಳುತ್ತದೆ.

ಕೆಲಸ ಸಿಕ್ಕ ಮೇಲೆ ಹೆಚ್ಚಿನವರು ಶುರುಮಾಡುವುದು ನೆಟ್‌ವರ್ಕನ್ನು ಕಾಯುವ ಕೇಂದ್ರವಾದ ನಾಕ್‌ನಲ್ಲಿ, ಮೊದಲ ಹಂತದ ಎಲ್1 ಆಗಿ, ರಾತ್ರಿ ಪಾಳಿಯಲ್ಲಿ. ಅಲ್ಲಿ ಕಲಿಯಬೇಕಾದದ್ದು ಸಾಧನದ ಬಗೆಗಿನ ಭಯಭಕ್ತಿ. ಸಿಸ್ಕೊ ಸ್ವಿಚ್ಚಿನ ಟ್ರಂಕ್ ಪೋರ್ಟಿಗೆ, ಅಂದರೆ ಹಲವು ವಿಎಲ್ಯಾನ್‌ಗಳನ್ನು (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕುಗಳನ್ನು) ಒಯ್ಯುವ ಪೋರ್ಟಿಗೆ, ಹೊಸ ವಿಎಲ್ಯಾನ್ ಸೇರಿಸುವ ಕಮಾಂಡಿನಲ್ಲಿ ‘ಆ್ಯಡ್’ ಎಂಬ ಪುಟ್ಟ ಪದ ಬಿಟ್ಟರೆ, ಹೊಸದು ಸೇರುವ ಬದಲು ಹಳೆಯ ಪಟ್ಟಿಯೆಲ್ಲ ಅಳಿಸಿ ಹೊಸದೊಂದೇ ಉಳಿಯುತ್ತದೆ. ಇಡೀ ಮಹಡಿ ಕತ್ತಲಾಗುತ್ತದೆ. ದೂರದ ಊರಿನ ರೂಟರಿನಲ್ಲಿ ಬದಲಾವಣೆ ಮಾಡುವ ಮುನ್ನ ಅನುಭವಿಗಳು ಒಂದು ಕಮಾಂಡ್ ಕೊಡುತ್ತಾರೆ: ಹತ್ತು ನಿಮಿಷದ ನಂತರ ನೀನೇ ರೀಲೋಡ್ ಆಗು. ಬದಲಾವಣೆ ಸರಿಹೋದರೆ ಅದನ್ನು ರದ್ದುಮಾಡಿ ಸೇವ್ ಮಾಡುತ್ತಾರೆ. ಕೈತಪ್ಪಿ ತಮ್ಮ ಸಂಪರ್ಕವನ್ನೇ ಕಡಿದುಕೊಂಡರೆ ರೂಟರ್ ಸೇವ್ ಆಗಿದ್ದ ಹಳೆಯ ಸ್ಥಿತಿಗೆ ತಾನೇ ಮರಳುತ್ತದೆ.

ಇದು ಚಿಕ್ಕವರ ಸಮಸ್ಯೆ ಎಂದುಕೊಳ್ಳಬೇಡಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡ್ ಕಂಪನಿಯ ಬೆನ್ನೆಲುಬಿನ ಸಂಪರ್ಕಗಳನ್ನೆಲ್ಲ ಕಡಿಯಿತು. ಅಂಥದ್ದನ್ನು ತಡೆಯಲೆಂದೇ ಇದ್ದ ತಪಾಸಣೆಯ ತಂತ್ರಾಂಶದಲ್ಲಿ ದೋಷವಿತ್ತು. ಸೈಟಿನ ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್ ಸರ್ವರುಗಳು ಡೇಟಾ ಸೆಂಟರ್ ಸಿಗದೆ ತಾವೇ ಅಸ್ವಸ್ಥ ಎಂದು ತಿಳಿದು ತಮ್ಮ ವಿಳಾಸದ ಸಾರಿಕೆಯನ್ನು ಹಿಂತೆಗೆದುಕೊಂಡವು. ದುರಸ್ತಿಗೆ ಬೇಕಾದ ಒಳಗಿನ ಉಪಕರಣಗಳೂ ಅದೇ ನೆಟ್‌ವರ್ಕಿನ ಮೇಲೆ ನಿಂತಿದ್ದವು. ಕೊನೆಗೆ ಎಂಜಿನಿಯರುಗಳು ಡೇಟಾ ಸೆಂಟರಿಗೇ ಹೋಗಬೇಕಾಯಿತು, ಬಿಗಿ ಭದ್ರತೆ ದಾಟಿ ಯಂತ್ರ ಮುಟ್ಟಲು ಹೊತ್ತು ಹಿಡಿಯಿತು. ನೆಟ್‌ವರ್ಕ್ ಸತ್ತಾಗಲೂ ಅದನ್ನು ತಲುಪಲು ಬೇರೆಯದೇ ಒಂದು ದಾರಿ ಇರಬೇಕು. ಹೊಸದಾಗಿ ಸೇರಿದವರು ತಮ್ಮ ಕಚೇರಿಯಲ್ಲಿ ಆ ದಾರಿ ಯಾವುದು, ಅದರ ಕೀಲಿ ಯಾರ ಬಳಿ ಇದೆ, ಅದನ್ನು ಕೊನೆಯ ಸಲ ಬಳಸಿ ನೋಡಿದ್ದು ಯಾವಾಗ ಎಂದು ಮೊದಲ ವಾರವೇ ಕೇಳಿ ಬರೆದಿಟ್ಟುಕೊಳ್ಳಲಿ.