ಕಂಪನಿ ಕಳಿಸುವ ‘ಬದುಕು ಬದಲಿಸುವ’ ಟ್ರೈನಿಂಗ್: ಅಮೆರಿಕದಲ್ಲಿ 50 ವರ್ಷದಿಂದ ಮುಗಿಯದ ತಕರಾರು

2021ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ಮೊಕದ್ದಮೆ ದಾಖಲಾಯಿತು. ಹೂಡಿದ್ದು ಪಾಂಡಾ ಎಕ್ಸ್‌ಪ್ರೆಸ್ ಎಂಬ ದೊಡ್ಡ ಚೈನೀಸ್ ಹೋಟೆಲ್ ಸರಣಿಯಲ್ಲಿ ಕ್ಯಾಷಿಯರ್ ಆಗಿದ್ದ ಯುವತಿ. ಬಡ್ತಿ ಬೇಕಿದ್ದರೆ ಒಂದು ಸೆಮಿನಾರ್‌ಗೆ ಹೋಗಿ ಬಾ ಅಂತ ಮೇಲಿನವರು ಒತ್ತಾಯ ಮಾಡಿದರು, 2019ರ ಜುಲೈನಲ್ಲಿ ಹೋದೆ, ಅಲ್ಲಿ ಯಾವುದೋ ಅಭ್ಯಾಸದ ಹೆಸರಲ್ಲಿ ಸಹೋದ್ಯೋಗಿಗಳ ಎದುರೇ ಒಳಉಡುಪಿನಲ್ಲಿ ನಿಲ್ಲಿಸಿದರು ಅನ್ನುವುದು ಅವರ ಆರೋಪ. ಸೆಮಿನಾರ್ ನಡೆಸಿದ್ದು ಹೊರಗಿನ ಸಂಸ್ಥೆ, ನಾವು ಯಾರಿಗೂ ಕಡ್ಡಾಯ ಮಾಡಿರಲಿಲ್ಲ ಎಂದು ಕಂಪನಿ ಹೇಳಿತು.

ಈ ಸುದ್ದಿ ಓದಿದ ಬಹಳ ಜನರಿಗೆ ಇದೊಂದು ವಿಚಿತ್ರ, ಒಂಟಿ ಪ್ರಕರಣ ಅನ್ನಿಸಿತು. ಹಾಗಿಲ್ಲ. ಹೊರಗಿನ ಸಂಸ್ಥೆ, ‘ಕಡ್ಡಾಯವಲ್ಲ’ ಅನ್ನುವ ಮಾತು, ಹೋಗದಿದ್ದರೆ ಬಡ್ತಿ ಸಿಗಲ್ಲ ಅನ್ನುವ ಭಯ, ಈ ಮೂರೂ ಸೇರಿದ ಪ್ರಕರಣಗಳು ಅಮೆರಿಕದಲ್ಲಿ 1970ರ ದಶಕದಿಂದ ಬರುತ್ತಲೇ ಇವೆ.

ಬೇರು ಇನ್ನೂ ಹಿಂದಿನದು. 1947ರಲ್ಲಿ ಮೇಯ್ನ್ ರಾಜ್ಯದ ಬೆಥೆಲ್ ಎಂಬ ಊರಲ್ಲಿ ಮನಶ್ಶಾಸ್ತ್ರಜ್ಞರು ಒಂದಿಷ್ಟು ಜನರನ್ನು ಕೂರಿಸಿ, ಒಬ್ಬರ ಬಗ್ಗೆ ಒಬ್ಬರು ಮುಚ್ಚುಮರೆ ಇಲ್ಲದೆ ಮಾತಾಡಿ ಎಂದು ಪ್ರಯೋಗ ಶುರು ಮಾಡಿದರು. ಮುಂದೆ ಕಂಪನಿಗಳು ತಮ್ಮ ಮ್ಯಾನೇಜರ್‌ಗಳನ್ನು ಅಂಥ ಗುಂಪುಗಳಿಗೆ ಕಳಿಸಿದವು. 1962ರಲ್ಲಿ ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ಎಸಲೆನ್ ಎಂಬ ಆತ್ಮವಿಕಾಸದ ಕೇಂದ್ರ ಬಂತು. ಅಲ್ಲಿಂದ ಹತ್ತು ವರ್ಷದೊಳಗೆ ‘ನಿಮ್ಮೊಳಗಿನ ಶಕ್ತಿಯನ್ನು ಹೊರತೆಗೆಯುತ್ತೇವೆ’ ಅನ್ನುವುದು ದೊಡ್ಡ ವ್ಯಾಪಾರವೇ ಆಯಿತು.

ಆ ವ್ಯಾಪಾರಕ್ಕೂ ನೌಕರಿಗೂ ಗಂಟು ಬಿದ್ದದ್ದಕ್ಕೆ ಹಳೆಯ ಉದಾಹರಣೆ ಹಾಲಿಡೇ ಮ್ಯಾಜಿಕ್ ಎಂಬ ಸೌಂದರ್ಯವರ್ಧಕ ಕಂಪನಿಯದು. ಅಲ್ಲಿ ಮೇಲಕ್ಕೇರಬೇಕಾದವರು ಲೀಡರ್‌ಶಿಪ್ ಡೈನಾಮಿಕ್ಸ್ ಎಂಬ ತರಬೇತಿ ಮುಗಿಸಬೇಕಿತ್ತು. ಅದರೊಳಗೆ ಹೊಡೆದರು, ಶವಪೆಟ್ಟಿಗೆಯಲ್ಲಿ ಮಲಗಿಸಿದರು ಎಂಬ ದೂರುಗಳು 1970ರ ದಶಕದ ಆರಂಭದಲ್ಲೇ ಕೋರ್ಟಿಗೆ ಬಂದವು. ಅದೇ ಹೊತ್ತಿಗೆ, 1971ರ ಅಕ್ಟೋಬರ್‌ನಲ್ಲಿ, ಹಿಂದೆ ಪುಸ್ತಕ ಮಾರಾಟದಲ್ಲಿದ್ದ ವರ್ನರ್ ಎರ್ಹಾರ್ಡ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ಎಸ್ಟ್’ ಶುರು ಮಾಡಿದರು. ಎರಡು ವಾರಾಂತ್ಯ, ಸುಮಾರು 60 ಗಂಟೆ, ಹೋಟೆಲ್ ಹಾಲ್ ತುಂಬ ಜನ. ಬೈಗುಳ ಕೇಳಬೇಕು, ಟಾಯ್ಲೆಟ್‌ಗೆ ಬೇಕೆಂದಾಗ ಎದ್ದು ಹೋಗುವ ಹಾಗಿಲ್ಲ. ಕೊನೆಗೆ ಅಳು, ಅಪ್ಪುಗೆ, ಹಗುರವಾದ ಮನಸ್ಸು. 1974ರಲ್ಲಿ ಇದೇ ಬಗೆಯ ಲೈಫ್‌ಸ್ಪ್ರಿಂಗ್ ಬಂತು. ತರಬೇತಿಯಿಂದ ಮಾನಸಿಕ ಹಾನಿಯಾಯಿತು, ಸಾವೂ ಆಯಿತು ಎಂದು ಅದರ ಮೇಲೆ ಹಲವು ಮೊಕದ್ದಮೆಗಳು ಬಿದ್ದವು, ಕೆಲವದರಲ್ಲಿ ಪರಿಹಾರದ ಹಣವನ್ನೂ ಕೊಡಬೇಕಾಯಿತು.

ಆದರೂ ಲಕ್ಷಾಂತರ ಜನ ಇಂಥ ತರಬೇತಿಗಳಿಗೆ ಹೋದರು. ಬಹಳ ಮಂದಿ ಒಳ್ಳೆಯದಾಯಿತು ಎಂದೇ ಹೇಳಿದರು, ಅದು ಸುಳ್ಳು ಎನ್ನಲು ಕಾರಣವಿಲ್ಲ. ಅವರು ತಮ್ಮದೇ ದುಡ್ಡು ಕೊಟ್ಟು ಹೋಗಿದ್ದರು. ಬೇಡ ಅನ್ನಿಸಿದರೆ ಎದ್ದು ಬರಬಹುದಿತ್ತು, ಮುಜುಗರವಾದರೂ ಸೋಮವಾರ ಆ ಮುಖಗಳನ್ನು ಮತ್ತೆ ನೋಡಬೇಕಾಗಿರಲಿಲ್ಲ.

1980ರ ದಶಕದಲ್ಲಿ ದುಡ್ಡು ಕೊಡುವವರು ಬದಲಾದರು. ಜಪಾನಿನ ಪೈಪೋಟಿಗೆ ಅಮೆರಿಕದ ಕಾರ್ಖಾನೆಗಳು ನಲುಗಿದ್ದವು, ‘ಕಂಪನಿಯ ಸಂಸ್ಕೃತಿ ಬದಲಾಗಬೇಕು’ ಅನ್ನುವ ಮಾತು ಎಲ್ಲ ಬೋರ್ಡ್ ರೂಮಿನಲ್ಲೂ ಕೇಳುತ್ತಿತ್ತು. 1984ರಲ್ಲಿ ಎರ್ಹಾರ್ಡ್ ಕಂಪನಿಗಳಿಗೆಂದೇ ಟ್ರಾನ್ಸ್‌ಫರ್ಮೇಷನಲ್ ಟೆಕ್ನಾಲಜೀಸ್ ಎಂಬ ಸಲಹಾ ಸಂಸ್ಥೆ ತೆರೆದರು. ಎಸ್ಟ್ ನಿಂತು, 1985ರಲ್ಲಿ ಸ್ವಲ್ಪ ಮೆದುವಾದ ‘ಫೋರಂ’ ಅದರ ಜಾಗಕ್ಕೆ ಬಂತು.

ಈ ಕಾಲದ ಅತಿ ದೊಡ್ಡ ಪ್ರಕರಣ ಪೆಸಿಫಿಕ್ ಬೆಲ್‌ನದು. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಅಲ್ಲಿ ಯಾರೂ ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ, ಆದರೂ ಜನ ಹೆದರಿದರು. ಪೆಸಿಫಿಕ್ ಬೆಲ್ ಕ್ಯಾಲಿಫೋರ್ನಿಯಾದ ಟೆಲಿಫೋನ್ ಕಂಪನಿ, ನೌಕರರು ಸುಮಾರು 67,000. 1984ರ ಜನವರಿ 1ಕ್ಕೆ ಅದರ ಒಡೆಯ ಸಂಸ್ಥೆ, ದೇಶದ ಟೆಲಿಫೋನ್ ದೈತ್ಯ ಎಟಿ ಆಂಡ್ ಟಿ ಒಡೆದು ಹೋಳಾದಾಗ, ಅಲ್ಲಿಯವರೆಗೆ ಪೈಪೋಟಿಯೇ ಗೊತ್ತಿಲ್ಲದ ಈ ಕಂಪನಿ ಒಮ್ಮೆಲೇ ಮಾರುಕಟ್ಟೆಗೆ ಇಳಿಯಬೇಕಾಯಿತು. ಎಲ್ಲರೂ ಒಂದೇ ರೀತಿ ಯೋಚಿಸಬೇಕು, ಒಂದೇ ಭಾಷೆಯಲ್ಲಿ ಮಾತಾಡಬೇಕು ಅನ್ನುವುದು ಆಡಳಿತದ ಆಸೆ. ಚಾರ್ಲ್ಸ್ ಕ್ರೋನ್ ಎಂಬ ಸಲಹೆಗಾರರ ವಿಚಾರಗಳ ಮೇಲೆ ತರಬೇತಿ ಶುರುವಾಯಿತು. ಆ ವಿಚಾರಗಳಲ್ಲಿ 1949ರಲ್ಲಿ ತೀರಿಕೊಂಡ ಅನುಭಾವಿ ಗುರ್ಜೀಫ್ ಅವರ ಛಾಯೆ ಇದೆ ಎಂದು ಪತ್ರಿಕೆಗಳು ಬರೆದವು. ನೌಕರರು ಇದನ್ನು ‘ಕ್ರೋನಿಂಗ್’ ಎಂದೇ ಕರೆದರು.

ಅವರ ದೂರು ಮುಖ್ಯವಾಗಿ ಮಾತಿನ ಬಗ್ಗೆ ಇತ್ತು. ಸರಳ ಪದಗಳಿಗೂ ಸುತ್ತಿ ಸುತ್ತಿ ಹೋಗುವ ಅರ್ಥ ಕೊಟ್ಟು, ಮೀಟಿಂಗ್‌ನಲ್ಲಿ ಹಾಗೇ ಮಾತಾಡಿ ಎಂದರೆ ಏನು ಮಾಡುವುದು? ಆ ಮಾತು ಕಲಿತವರು ಒಳಗಿನವರು, ಕಲಿಯದವರು ಹೊರಗಿನವರು. ಪ್ರಶ್ನೆ ಕೇಳಿದರೆ ‘ಬದಲಾವಣೆಗೆ ಸಿದ್ಧರಿಲ್ಲ’ ಅನ್ನಿಸಿಕೊಳ್ಳುವ ಅಂಜಿಕೆ. ಇಪ್ಪತ್ತು ಮೂವತ್ತು ವರ್ಷ ಫೋನ್ ಲೈನ್ ನೋಡಿಕೊಂಡು ಬಂದವರಿಗೆ, ತಮ್ಮ ತಲೆಯೊಳಗಿನ ಯೋಚನೆಯ ಕ್ರಮಕ್ಕೇ ಕಂಪನಿ ಕೈ ಹಾಕಿದೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

1987ರಲ್ಲಿ ವಿಷಯ ಪತ್ರಿಕೆಗಳಿಗೆ ಬಂತು. ಇಲ್ಲಿ ಇನ್ನೊಂದು ಅಂಶ ಇತ್ತು: ಇದು ಜನ ಬಿಲ್ ಕಟ್ಟುವ ಸೇವೆ, ಖರ್ಚೆಲ್ಲ ಕೊನೆಗೆ ಗ್ರಾಹಕರ ಮೇಲೇ ಬೀಳುತ್ತದೆ. ಅಷ್ಟು ಹೊತ್ತಿಗೆ ಸುಮಾರು 4 ಕೋಟಿ ಡಾಲರ್ ಖರ್ಚಾಗಿತ್ತು ಎಂದು ವರದಿಯಾಯಿತು. ರಾಜ್ಯದ ನಿಯಂತ್ರಣ ಆಯೋಗ ತನಿಖೆಗೆ ಇಳಿಯಿತು, ದೊಡ್ಡ ಪಾಲನ್ನು ಗ್ರಾಹಕರ ಬದಲು ಷೇರುದಾರರೇ ಹೊರಬೇಕು ಎಂಬ ಶಿಫಾರಸು ಬಂತು, ತರಬೇತಿ ನಿಂತಿತು. ನೌಕರರ ಅಳಲಿಗಿಂತ ಬೇಗ ಕೆಲಸ ಮಾಡಿದ್ದು ಫೋನ್ ಬಿಲ್ಲು ಅನ್ನುವುದು ಈ ಕಥೆಯಲ್ಲಿ ನನಗೆ ತುಂಬ ನೋವಿನ ಸಂಗತಿ.

ಹೀಗೆ ಬಿಲ್ಲಿನ ರಕ್ಷಣೆ ಇಲ್ಲದ ಖಾಸಗಿ ಜಾಗಗಳಲ್ಲಿ ಜನ ಒಬ್ಬೊಬ್ಬರೇ ಹೋರಾಡಬೇಕಾಯಿತು. ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಕಾರು ಮಾರುವ ಸಂಸ್ಥೆಯೊಂದರ ಮ್ಯಾನೇಜರ್, ಸಂಸ್ಥೆ ಕಳಿಸಿದ ಇಂಥದೇ ಒಂದು ತರಬೇತಿ ನನ್ನ ಕ್ರೈಸ್ತ ನಂಬಿಕೆಗೆ ಒಗ್ಗುವುದಿಲ್ಲ ಎಂದು ಎದ್ದು ಬಂದರು, ಕೆಲಸ ಹೋಯಿತು. 1992ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಅವರು ಸೋತರು. ಅಟ್ಲಾಂಟಾ ಹತ್ತಿರದ ದೊಡ್ಡ ತರಕಾರಿ ಮಾರುಕಟ್ಟೆಯೊಂದರ ಮಾಜಿ ನೌಕರರು ಫೋರಂ ವಿಷಯದಲ್ಲಿ ಫೆಡರಲ್ ಕೋರ್ಟಿಗೆ ಹೋದರು, ಅದು ರಾಜಿಯಲ್ಲಿ ಮುಗಿಯಿತು.

ಈ ಗಲಾಟೆಯ ನಡುವೆ 1988ರ ಫೆಬ್ರವರಿಯಲ್ಲಿ ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗ ಒಂದು ಸೂಚನೆ ಹೊರಡಿಸಿತು. ಧ್ಯಾನ, ಆತ್ಮಸಂಮೋಹನ, ಯೋಗ, ಕೆಂಡದ ಮೇಲೆ ನಡೆಯುವುದು, ಇಂಥವು ಇರುವ ತರಬೇತಿ ತನ್ನ ಧಾರ್ಮಿಕ ನಂಬಿಕೆಗೆ ವಿರುದ್ಧ ಎಂದು ನೌಕರ ಹೇಳಿದರೆ, ಕಂಪನಿಗೆ ಹಾಗೆ ಅನ್ನಿಸದಿದ್ದರೂ, 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪ್ರಕಾರ ಅವನಿಗೆ ವಿನಾಯಿತಿ ಕೊಡುವ ದಾರಿ ಹುಡುಕಬೇಕು ಅನ್ನುವುದು ಅದರ ಸಾರ. ಪಟ್ಟಿಯಲ್ಲಿ ಯೋಗ ಇರುವುದು ನಮಗೆ ಕಸಿವಿಸಿ ಅನ್ನಿಸಬಹುದು. ಆದರೆ ಬೆಳಗ್ಗೆ ಎದ್ದು ಸಂತೋಷದಿಂದ ಯೋಗ ಮಾಡುವುದು ಬೇರೆ, ಸಂಬಳ ಕೊಡುವವನು ಮಾಡಿಸುವುದು ಬೇರೆ ಅಲ್ವಾ?

ಆ ಸೂಚನೆಯಿಂದ ಎಲ್ಲ ನಿಂತಿತು ಎಂದರೆ ತಪ್ಪು. 1988ರಿಂದ 1992ರವರೆಗೆ ಆಲ್‌ಸ್ಟೇಟ್ ವಿಮಾ ಕಂಪನಿಯ 3,500ಕ್ಕೂ ಹೆಚ್ಚು ಮೇಲ್ವಿಚಾರಕರು, ಏಜೆಂಟರು ಹೊರಗಿನ ಸಲಹೆಗಾರರೊಬ್ಬರ ತರಗತಿಗೆ ಹೋಗಿದ್ದರು, ಪಾಠದ ಮೂಲ ಸೈಂಟಾಲಜಿ ಎಂಬ ಅಮೆರಿಕದ ವಿವಾದಿತ ಧಾರ್ಮಿಕ ಸಂಘಟನೆಯ ಆಡಳಿತ ತತ್ವಗಳು ಎಂದು 1995ರಲ್ಲಿ ಬಯಲಾಯಿತು. 1991ರಲ್ಲಿ ಎರ್ಹಾರ್ಡ್ ತಮ್ಮ ವ್ಯವಹಾರವನ್ನು ನೌಕರರಿಗೆ ಮಾರಿದರು, ಅದು ಲ್ಯಾಂಡ್‌ಮಾರ್ಕ್ ಆಯಿತು. ತಾನು ಧರ್ಮವೂ ಅಲ್ಲ, ಪಂಥವೂ ಅಲ್ಲ ಎಂದು ಲ್ಯಾಂಡ್‌ಮಾರ್ಕ್ ಹೇಳುತ್ತದೆ. ಕಂಪನಿಗಳಿಗೆ ಸಲಹೆ ಕೊಡುವ ಅದರ ವಿಭಾಗ ವಾಂಟೊ ಗ್ರೂಪ್. ಬಟ್ಟೆ ಕಂಪನಿ ಲುಲುಲೆಮನ್ ತನ್ನ ನೌಕರರನ್ನು ಫೋರಂಗೆ ಖರ್ಚು ಕೊಟ್ಟು ಕಳಿಸುತ್ತಿತ್ತು. 1998ರಲ್ಲಿ ಆಲ್ಬನಿಯಲ್ಲಿ ‘ಎಕ್ಸಿಕ್ಯುಟಿವ್ ಸಕ್ಸೆಸ್ ಪ್ರೋಗ್ರಾಮ್ಸ್’ ಎಂದು ಉದ್ಯಮಿಗಳಿಗಾಗಿ ಶುರುವಾದದ್ದು ಮುಂದೆ ನೆಕ್ಸಿಯಂ ಆಗಿ, 2020ರಲ್ಲಿ ಅದರ ಸ್ಥಾಪಕನಿಗೆ ಲೈಂಗಿಕ ಶೋಷಣೆ ಮುಂತಾದ ಅಪರಾಧಗಳಿಗೆ 120 ವರ್ಷ ಜೈಲಾಯಿತು. ಇಷ್ಟು ದೂರ ಹೋದದ್ದು ತೀರಾ ಅಪರೂಪ, ಎಲ್ಲವನ್ನೂ ಅದರ ಪಕ್ಕದಲ್ಲಿ ನಿಲ್ಲಿಸುವುದು ಸರಿಯಲ್ಲ.

2018ರದು ಬೇರೆ ಬಗೆ. ನ್ಯೂಯಾರ್ಕ್‌ನ ಒಂದು ಕಂಪನಿಯಲ್ಲಿ ‘ಆನಿಯನ್‌ಹೆಡ್’ ಎಂಬ ಪದ್ಧತಿ ತಂದವರು ಸಿಇಒ ಅವರ ಅತ್ತೆಯೋ ಚಿಕ್ಕಮ್ಮನೋ ಆಗಬೇಕಾದ ಹತ್ತಿರದ ಸಂಬಂಧಿ. ಕೆಲಸದ ಜಾಗದಲ್ಲೇ ಪ್ರಾರ್ಥನೆ ಮಾಡಿಸಿದರು ಎಂದು ನೌಕರರು ಹೇಳಿದರು. ಸಮಾನ ಉದ್ಯೋಗಾವಕಾಶ ಆಯೋಗವೇ ಕೇಸು ನಡೆಸಿತು, 10 ಜನರಿಗೆ 51 ಲಕ್ಷ ಡಾಲರ್ ಕೊಡಬೇಕೆಂದು ಜ್ಯೂರಿ ತೀರ್ಮಾನಿಸಿತು.

ಇಷ್ಟಕ್ಕೂ ಇದರಿಂದ ಉಪಯೋಗ ಆಗುತ್ತದಾ? ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಫೋರಂಗೆ ಹೋಗಿಬಂದವರನ್ನು ಗಮನಿಸಿ 1990ರ ಸುಮಾರಿಗೆ ಫಲಿತಾಂಶ ಪ್ರಕಟಿಸಿದರು, ಹಣ ಕೊಟ್ಟಿದ್ದು ಎರ್ಹಾರ್ಡ್ ಸಂಸ್ಥೆಯೇ. ಬದುಕು ನನ್ನ ಕೈಯಲ್ಲಿದೆ ಅನ್ನುವ ಭಾವನೆ ಸ್ವಲ್ಪ ದಿನ ಹೆಚ್ಚಿತ್ತು, ಆಮೇಲೆ ಅದೂ ಇರಲಿಲ್ಲ. ಹೇಳಿಕೊಳ್ಳುವಂಥ ಹಾನಿಯೂ ಕಾಣಲಿಲ್ಲ. ಆದರೆ ಅವರು ತಾವಾಗಿ ಹೋದವರು. ಬಾಸ್ ಪಕ್ಕದ ಕುರ್ಚಿಯಲ್ಲಿ ಕೂತಿರುವಾಗ ಅಪ್ಪನ ಕುಡಿತದ ಬಗ್ಗೆಯೋ ಮುರಿದ ಮದುವೆಯ ಬಗ್ಗೆಯೋ ಹೇಳಬೇಕಾದವರ ಪಾಡನ್ನು ಇದರಿಂದ ಅಳೆಯಲಾಗದು.

1988ರ ಸೂಚನೆಯ ಮಿತಿಯೂ ಇಲ್ಲೇ ಇದೆ. ಅದು ಧಾರ್ಮಿಕ ನಂಬಿಕೆ ಇರುವವರಿಗೆ ಮಾತ್ರ ಆಸರೆ. ‘ನನ್ನ ಮನೆಯ ವಿಷಯ ಆಫೀಸಿನಲ್ಲಿ ಹೇಳಲಾರೆ’ ಅನ್ನುವಷ್ಟೇ ಕಾರಣ ಇರುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಗಳ ಕಚೇರಿಗಳೂ ಇವೆ, ಲ್ಯಾಂಡ್‌ಮಾರ್ಕ್ ಕಾರ್ಯಕ್ರಮಗಳೂ ನಡೆಯುತ್ತವೆ. ಆದರೆ ಖಾಸಗಿ ನೌಕರಿಯಲ್ಲಿ ಧರ್ಮದ ಆಧಾರದ ತಾರತಮ್ಯ ತಡೆಯುವ, ಆ 1964ರ ಕಾಯ್ದೆಯಂಥ ಸಮಗ್ರ ಕಾನೂನು ನಮ್ಮಲ್ಲಿಲ್ಲ. ಸಂವಿಧಾನದ 15 ಮತ್ತು 16ನೇ ವಿಧಿಗಳು ಹಿಡಿದು ನಿಲ್ಲಿಸುವುದು ಹೆಚ್ಚಾಗಿ ಸರ್ಕಾರವನ್ನು. ಸದ್ಯಕ್ಕೆ ಇಲ್ಲಿನ ನೌಕರರು ಮಾಡಬಹುದಾದದ್ದು ಚಿಕ್ಕದು: ಎಚ್‌ಆರ್ ಮೇಲ್‌ನಲ್ಲಿ ‘ಕಡ್ಡಾಯವಲ್ಲ’ ಎಂದಿದ್ದರೆ, ಹೋಗದವರ ಅಪ್ರೈಸಲ್‌ನಲ್ಲಿ ಈ ವಿಷಯ ಬರುವುದಿಲ್ಲ ಎಂದೂ ಅದೇ ಮೇಲ್‌ನಲ್ಲಿ ಬರೆದುಕೊಡಿ ಎಂದು ಕೇಳಬಹುದು.